ಕಪ್ಪು ಬಿಲ್ಲೆಯಲ್ಲಿ ಸೆರೆಸಿಕ್ಕ ಕಾಂತಕ್ಷೇತ್ರ

ಎರಡು ಕಪ್ಪು ಬಿಲ್ಲೆಗಳು. ಒಂದೊಂದರ ಅಡ್ಡಗಲ ಸುಮಾರು 25 ಮಿಲಿಮೀಟರ್. ಎರಡನ್ನೂ ಒಂದರ ಮೇಲೊಂದಿಟ್ಟು ಮುಷ್ಟಿಯೊಳಗೆ ಮುಚ್ಚಿಕೊಳ್ಳಬಹುದು. ಅವಕ್ಕೆ ತಂತಿ ಸುತ್ತಿಲ್ಲ, ಬ್ಯಾಟರಿ ಜೋಡಿಸಿಲ್ಲ, ಹೊರಗಿನಿಂದ ಒಂದಿಷ್ಟೂ ವಿದ್ಯುತ್ತು ಹರಿದುಬರುತ್ತಿಲ್ಲ. ಇಂಥ ಎರಡು ಬಿಲ್ಲೆಗಳ ನಡುವಿನ ಸಂದಿಯಲ್ಲಿ ಅಡಗಿಸಿಟ್ಟ, ಕಾಂತಕ್ಷೇತ್ರ ಅಳೆಯುವ ಪುಟ್ಟ ಸಂವೇದಕವೊಂದು 17.6 ಟೆಸ್ಲಾ ಎಂಬ ಅಂಕಿಯನ್ನು ತೋರಿಸಿತು!

ಜಾನ್ ಡ್ಯುರೆಲ್, ಡೇವಿಡ್ ಕಾರ್ಡ್‌ವೆಲ್ ಮತ್ತು ಅವರ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಬಿಲ್ಲೆಗಳು ಬೆಳೆದದ್ದು ಇಂಗ್ಲೆಂಡಿನಲ್ಲಿ, ಅವುಗಳ ಪರೀಕ್ಷೆ ನಡೆದದ್ದು ಅಮೆರಿಕದ ಫ್ಲಾರಿಡಾದ ಟಲಹಾಸಿಯಲ್ಲಿ, ಅಲ್ಲಿನ ರಾಷ್ಟ್ರೀಯ ಅಧಿಕ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ. ಹದಿನೇಳೂವರೆ ಟೆಸ್ಲಾ ಅಂದರೆ ಎಷ್ಟು ಎಂದು ಒಂದು ಕ್ಷಣ ನಿಂತು ನೋಡಬೇಕು. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸಿ ಹಡಗುಗಳನ್ನು ಸಾಗರ ದಾಟಿಸಿದ ಭೂಮಿಯ ಕಾಂತಕ್ಷೇತ್ರವಿದೆಯಲ್ಲ, ಅದು ದಕ್ಷಿಣ ಭಾರತದಲ್ಲಿ ಒಂದು ಟೆಸ್ಲಾದ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ನಲವತ್ತು ಪಾಲು ಮಾತ್ರ. ಅದರ ನಾಲ್ಕು ಲಕ್ಷಕ್ಕೂ ಹೆಚ್ಚು ಪಟ್ಟು ಆ ಬಿಲ್ಲೆಗಳ ನಡುವೆ ಇತ್ತು. ಬೆರಳು ಜಜ್ಜಿಹೋಗುವಷ್ಟು ಬಲವಾಗಿ ಒಂದಕ್ಕೊಂದು ಅಂಟಿಕೊಳ್ಳುವ ನಿಯೋಡಿಮಿಯಂ ಅಯಸ್ಕಾಂತದ ಮೈಮೇಲೆ ಇರುವುದು ಅರ್ಧ ಟೆಸ್ಲಾ ಆಸುಪಾಸು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಹೊಟ್ಟೆಯೊಳಗೆ ಒಂದೂವರೆ ಅಥವಾ ಮೂರು ಟೆಸ್ಲಾ. ಜಿನೀವಾ ಬಳಿ ನೆಲದಡಿಯ 27 ಕಿಲೋಮೀಟರ್ ಸುತ್ತಿನ ಸುರಂಗದಲ್ಲಿ ಪ್ರೋಟಾನುಗಳನ್ನು ಬಾಗಿಸಿ ಓಡಿಸುವ ದೈತ್ಯ ಕಾಂತಗಳದ್ದು 8.3 ಟೆಸ್ಲಾ. ಇಲ್ಲಿ ಅದರ ಎರಡು ಪಟ್ಟು, ಮುಷ್ಟಿಯೊಳಗೆ ಹಿಡಿಸುವಷ್ಟು ಜಾಗದಲ್ಲಿ!

ಈ ಬಿಲ್ಲೆಗಳ ಬಗ್ಗೆ ಓದಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ. ಆ ಕ್ಷೇತ್ರ ಬಿಲ್ಲೆಯದಲ್ಲ. ಹೊರಗಿನ ಒಂದು ದೊಡ್ಡ ಕಾಂತ ಅದನ್ನು ಕೊಟ್ಟಿತು, ಬಿಲ್ಲೆ ಇಸಿದುಕೊಂಡಿತು. ಆಮೇಲೆ ದೊಡ್ಡ ಕಾಂತವನ್ನು ಆರಿಸಿದರು. ಬಿಲ್ಲೆ ಮಾತ್ರ ಇಸಿದುಕೊಂಡದ್ದನ್ನು ಬಿಟ್ಟುಕೊಡಲಿಲ್ಲ. ಹಿಡಿದಿಟ್ಟುಕೊಳ್ಳುವ ಈ ಶಕ್ತಿ ಎಲ್ಲಿಂದ ಬಂತು?

ಉತ್ತರ ಹುಡುಕಲು ನೂರು ವರ್ಷಕ್ಕೂ ಹಿಂದಕ್ಕೆ, ಹಾಲೆಂಡಿನ ಲೈಡನ್ ಊರಿಗೆ ಹೋಗಬೇಕು. 1908ರಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದರು. ಮೂರು ವರ್ಷಗಳ ನಂತರ, 1911ರಲ್ಲಿ, ಆ ಕಡುಚಳಿಯಲ್ಲಿ ಪಾದರಸವನ್ನು ಅದ್ದಿ ಅದರ ವಿದ್ಯುತ್ ರೋಧವನ್ನು ಅಳೆಯುತ್ತಿದ್ದಾಗ, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಕಡಿಮೆಯಾದದ್ದಲ್ಲ, ಇಲ್ಲವೇ ಆದದ್ದು. ಅದೇ ಅತಿವಾಹಕತೆ. ಅತಿವಾಹಕದ ಉಂಗುರವೊಂದರಲ್ಲಿ ವಿದ್ಯುತ್ತನ್ನು ಒಮ್ಮೆ ಹರಿಯಬಿಟ್ಟರೆ ಸಾಕು, ಅದು ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. 1932ರಲ್ಲಿ ಲೈಡನ್ನಿನ ಖೆರಿಟ್ ಫ್ಲಿಮ್ ಎಂಬ ತಂತ್ರಜ್ಞ ದ್ರವ ಹೀಲಿಯಂ ತುಂಬಿದ ಪಾತ್ರೆಯೊಳಗೆ ಸೀಸದ ಉಂಗುರವೊಂದನ್ನು ಇಟ್ಟು, ಅದರಲ್ಲಿ 200 ಆಂಪಿಯರ್ ವಿದ್ಯುತ್ತು ಸುತ್ತುತ್ತಿರುವಂತೆಯೇ ವಿಮಾನ ಹತ್ತಿ ಲಂಡನ್ನಿಗೆ ಹೋದರು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಶುಕ್ರವಾರ ಸಂಜೆಯ ಉಪನ್ಯಾಸಕ್ಕೆ ಆ ಉಂಗುರ ಬೇಕಿತ್ತು. ಹೊರಟಲ್ಲಿಂದ ತಲುಪುವವರೆಗೂ, ಯಾವ ಆಸರೆಯೂ ಇಲ್ಲದೆ, ಆ ವಿದ್ಯುತ್ತು ಅದರೊಳಗೆ ಸುತ್ತುತ್ತಲೇ ಇತ್ತು. ವಿದ್ಯುತ್ತು ಸುತ್ತಿದಲ್ಲಿ ಕಾಂತಕ್ಷೇತ್ರ ಇದ್ದೇ ಇರುತ್ತದೆ. ಹಾಗಾಗಿ ಫ್ಲಿಮ್ ಹೊತ್ತೊಯ್ದದ್ದು ಸೆರೆಸಿಕ್ಕ ಒಂದು ಕಾಂತಕ್ಷೇತ್ರವನ್ನೇ.

ಓನ್ನೆಸ್‌ಗೆ ಇನ್ನೂ ದೊಡ್ಡ ಕನಸಿತ್ತು. ಅತಿವಾಹಕದ ಸುರುಳಿಯಿಂದ ಹತ್ತು ಟೆಸ್ಲಾ ಹುಟ್ಟಿಸಬಹುದು ಎಂದು 1913ರಲ್ಲೇ ಅವರು ಲೆಕ್ಕ ಹಾಕಿದ್ದರು. ಅದು ಒಡೆದುಹೋಯಿತು. ಪಾದರಸ, ಸೀಸ, ತವರ ಎಲ್ಲವೂ ಒಂದು ಟೆಸ್ಲಾದ ಹತ್ತನೇ ಒಂದು ಭಾಗಕ್ಕೂ ಕಡಿಮೆ ಕ್ಷೇತ್ರ ತಗುಲುತ್ತಲೇ ಅತಿವಾಹಕತೆಯನ್ನು ಕಳೆದುಕೊಂಡು ಸಾಮಾನ್ಯ ಲೋಹಗಳಾಗಿಬಿಡುತ್ತಿದ್ದವು. 1933ರಲ್ಲಿ ಬರ್ಲಿನ್ನಿನ ವಾಲ್ಟರ್ ಮೈಸ್ನರ್ ಮತ್ತು ರಾಬರ್ಟ್ ಓಕ್ಸೆನ್‌ಫೆಲ್ಡ್ ಕಂಡುಕೊಂಡ ಸತ್ಯ ಇನ್ನೂ ಕಠಿಣವಾಗಿತ್ತು. ಅತಿವಾಹಕ ಕಾಂತಕ್ಷೇತ್ರವನ್ನು ತನ್ನ ಒಡಲೊಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಒಳಗಿದ್ದ ಕ್ಷೇತ್ರವನ್ನೂ ತಣ್ಣಗಾಗುತ್ತಲೇ ಹೊರಗೆ ತಳ್ಳಿಬಿಡುತ್ತದೆ.

ಹೊರಗೆ ತಳ್ಳುವ ಗುಣದ ವಸ್ತು ಒಳಗೆ ಹಿಡಿದಿಟ್ಟುಕೊಳ್ಳುವುದಾದರೂ ಹೇಗೆ? ನಿಜವಾದ ಅಚ್ಚರಿ ಇಲ್ಲಿಂದ ಶುರುವಾಗುತ್ತದೆ.

ಸೋವಿಯತ್ ಒಕ್ಕೂಟದ ಖಾರ್ಕಿವ್ ನಗರದಲ್ಲಿ 1930ರ ದಶಕದಲ್ಲಿ ಲೆವ್ ಶುಬ್ನಿಕೋವ್ ಎಂಬ ಪ್ರಯೋಗಶೀಲ ವಿಜ್ಞಾನಿ ಸೀಸದ ಮಿಶ್ರಲೋಹಗಳನ್ನು ಪರೀಕ್ಷಿಸುತ್ತಿದ್ದರು. ಶುದ್ಧ ಲೋಹಗಳಂತೆ ಇವು ವರ್ತಿಸುತ್ತಿರಲಿಲ್ಲ. ಒಂದು ಮಿತಿ ದಾಟಿದ ಮೇಲೆ ಕಾಂತಕ್ಷೇತ್ರವನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟುಕೊಳ್ಳುತ್ತಿದ್ದವು, ಹಾಗಿದ್ದೂ ಅತಿವಾಹಕಗಳಾಗಿಯೇ ಉಳಿಯುತ್ತಿದ್ದವು. 1937ರಲ್ಲಿ ಸ್ಟಾಲಿನ್ ಆಡಳಿತ ಶುಬ್ನಿಕೋವ್‌ರನ್ನು ಗುಂಡಿಟ್ಟು ಕೊಂದಿತು. ತಾನು ಕಂಡದ್ದು ಏನೆಂದು ಲೋಕ ಅರಿಯುವ ಮುನ್ನವೇ ಆ ಮನುಷ್ಯ ಹೋಗಿಬಿಟ್ಟರು. ಇದನ್ನು ಓದುವಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವರು ಕಂಡದ್ದರ ಒಳಗುಟ್ಟನ್ನು ಬಿಡಿಸಿದವರು ಅಲೆಕ್ಸಿ ಅಬ್ರಿಕೊಸೊವ್. ಗುರು ಲ್ಯಾಂಡಾವ್ ಒಪ್ಪದ್ದರಿಂದ ವರ್ಷಗಟ್ಟಲೆ ಹಾಗೆಯೇ ಇಟ್ಟುಕೊಂಡಿದ್ದ ಲೆಕ್ಕಾಚಾರವನ್ನು 1957ರಲ್ಲಿ ಪ್ರಕಟಿಸಿದರು. 2003ರಲ್ಲಿ ಅದಕ್ಕೆ ನೊಬೆಲ್ ಬಂತು. ಅವರ ಗಣಿತ ಹೇಳಿದ್ದು ಇಷ್ಟು: ಈ ಎರಡನೇ ಜಾತಿಯ ಅತಿವಾಹಕದೊಳಕ್ಕೆ ಕಾಂತಕ್ಷೇತ್ರ ಹರಡಿಕೊಂಡು ನುಗ್ಗುವುದಿಲ್ಲ, ಎಳೆ ಎಳೆಯಾಗಿ ನುಗ್ಗುತ್ತದೆ. ಪ್ರತಿ ಎಳೆಯ ಸುತ್ತ ವಿದ್ಯುತ್ತಿನ ಒಂದು ಸುಳಿ. ಸುಳಿಯ ನಡುವೆ ಕೂದಲಿಗಿಂತ ಸಾವಿರಾರು ಪಟ್ಟು ಸಪೂರವಾದ ಒಂದು ತಿರುಳು, ಅಷ್ಟರಲ್ಲಿ ಮಾತ್ರ ಅತಿವಾಹಕತೆ ಸತ್ತಿರುತ್ತದೆ. ಪ್ರತಿಯೊಂದು ಸುಳಿಯೂ ಹೊರುವ ಕಾಂತ ಹರಿವು ಒಂದೇ ಅಳತೆಯದ್ದು. ಸೀಸದ ಮಿಶ್ರಲೋಹದಲ್ಲೂ ಅಷ್ಟೇ, ಸೆರಾಮಿಕ್‌ನಲ್ಲೂ ಅಷ್ಟೇ, ಇಡೀ ವಿಶ್ವದಲ್ಲೆಲ್ಲ ಅಷ್ಟೇ! ಕ್ವಾಂಟಂ ನಿಯಮ ಕಡೆದುಕೊಟ್ಟ ಆ ತುಣುಕಿಗಿಂತ ಚಿಕ್ಕದು ಇಲ್ಲ, ಅರ್ಧ ತುಣುಕು ಎಂಬುದೂ ಇಲ್ಲ. 1967ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಸ್‌ಮಾನ್ ಮತ್ತು ಟ್ರಾಯ್‌ಬ್ಲ ಎಂಬಿಬ್ಬರು ಅತಿವಾಹಕದ ಮೇಲೆ ಕಾಂತಗುಣದ ಲೋಹದ ಅತಿ ನುಣ್ಣನೆಯ ಕಣಗಳನ್ನು ಉದುರಿಸಿ, ಅವು ಸುಳಿಗಳ ತುದಿಯಲ್ಲಿ ಗುಂಪುಗೂಡಿದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದಾಗ, ಅಬ್ರಿಕೊಸೊವ್ ಕಾಗದದ ಮೇಲೆ ಕಂಡದ್ದು ಕಣ್ಣಿಗೇ ಬಿತ್ತು: ತ್ರಿಕೋನ ಹೊಂದಿಕೆಯಲ್ಲಿ, ಸಾಲು ಸಾಲಾಗಿ ನಿಂತ ಚುಕ್ಕೆಗಳು.

ಈಗ ಆ ಕೇಂಬ್ರಿಜ್ ಬಿಲ್ಲೆಗಳ ನಡುವಿನ 17.6 ಟೆಸ್ಲಾವನ್ನು ಸುಳಿಗಳ ಲೆಕ್ಕದಲ್ಲಿ ಎಣಿಸೋಣ. ಒಂದು ಚದರ ಸೆಂಟಿಮೀಟರಿಗೆ ಸುಮಾರು 85 ಸಾವಿರ ಕೋಟಿ ಸುಳಿಗಳು! ಒಂದರಿಂದ ಇನ್ನೊಂದಕ್ಕೆ ಹನ್ನೆರಡು ನ್ಯಾನೊಮೀಟರ್ ಅಂತರವೂ ಇಲ್ಲ. ಪ್ರತಿಯೊಂದೂ ಪಕ್ಕದ್ದನ್ನು ದೂಡುತ್ತಿದೆ, ಎಲ್ಲವೂ ಒಟ್ಟಾಗಿ ಅಂಚಿನ ಕಡೆಗೆ, ಹೊರಗಿನ ಬಯಲಿಗೆ ನುಗ್ಗಲು ನೋಡುತ್ತಿವೆ. ಹೊರಗಿನ ದೊಡ್ಡ ಕಾಂತವನ್ನು ಆರಿಸಿದ ಮೇಲೆ ಅವಕ್ಕೆ ಒಳಗಿರಲು ಯಾವ ಕಾರಣವೂ ಉಳಿದಿಲ್ಲ. ತಡೆಯುವವರಿಲ್ಲದಿದ್ದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಲ್ಲೆ ಬರಿದಾಗುತ್ತದೆ.

ತಡೆಯುವುದು ಯಾವುದು ಗೊತ್ತೇ? ಹರಳಿನ ದೋಷಗಳು. ಒಂದಿಷ್ಟೂ ಕೊರೆಯಿಲ್ಲದ ಪರಿಪೂರ್ಣ ಹರಳಿನಲ್ಲಿ ಸುಳಿಗಳು ಅಡೆತಡೆಯಿಲ್ಲದೆ ಜಾರಿ ಹೋಗುತ್ತವೆ. ಹರಳಿನೊಳಗೆ ಬೇರೆ ವಸ್ತುವಿನ ಕಣ ಹುದುಗಿದ್ದರೆ, ಪರಮಾಣುಗಳ ಸಾಲು ಎಲ್ಲೋ ತಪ್ಪಿದ್ದರೆ, ಅಲ್ಲಿ ಅತಿವಾಹಕತೆ ಮೊದಲೇ ಸತ್ತಿರುತ್ತದೆ. ತಿರುಳಿಗಾಗಿ ಅತಿವಾಹಕತೆಯನ್ನು ಕೊಲ್ಲುವ ಶಕ್ತಿಯ ಖರ್ಚು ಸುಳಿಗೆ ಅಲ್ಲಿ ಉಳಿಯುತ್ತದೆ. ಹಾಗಾಗಿ ಸುಳಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಕಿತ್ತರೂ ಬರುವುದಿಲ್ಲ. ಕಚ್ಚಿಕೊಂಡ ಸುಳಿಗಳು ನಡುವೆ ಹೆಚ್ಚು, ಅಂಚಿನತ್ತ ಕಡಿಮೆ. ಅಮೆರಿಕದ ಚಾರ್ಲ್ಸ್ ಬೀನ್ 1962ರಲ್ಲಿ ಇದರ ಗಣಿತ ಬರೆದರು, ಫ್ರಾನ್ಸಿನ ಪಿಯರ್-ಜಿಲ್ ಡಿ ಜೆನ್ನ್ ಇದನ್ನು ಮರಳಿನ ಗುಡ್ಡೆಗೆ ಹೋಲಿಸಿ ವಿವರಿಸಿದರು. ಆ ಹೋಲಿಕೆಯಲ್ಲಿ ಗುಡ್ಡೆಯ ಎತ್ತರವೇ ಕಾಂತಕ್ಷೇತ್ರ, ಇಳಿಜಾರು ಎಷ್ಟು ಕಡಿದು ಎಂಬುದೇ ಬಿಲ್ಲೆಯೊಳಗೆ ಸುತ್ತುವ ವಿದ್ಯುತ್ತು. ದೋಷಗಳು ಬಲವಾಗಿ ಹಿಡಿದಷ್ಟೂ ಇಳಿಜಾರು ಕಡಿದಾಗುತ್ತದೆ, ಶಿಖರ ಮೇಲೇರುತ್ತದೆ. ಬಿಲ್ಲೆ ಅಗಲವಾದಷ್ಟೂ ಶಿಖರ ಇನ್ನೂ ಮೇಲೆ.

ಮರಳಿನ ಗುಡ್ಡೆಯಂತೆ ಇದೂ ಕಣಕಣವಾಗಿ ಜಾರುತ್ತದೆ ಎಂಬುದು ನಿಜ. ಶಾಖದ ಅಲುಗಾಟಕ್ಕೆ ಆಗೊಂದು ಈಗೊಂದು ಸುಳಿ ಕೊಂಡಿ ಕಳಚಿಕೊಳ್ಳುತ್ತದೆ. ಆದರೆ ಆ ಜಾರುವಿಕೆಯ ಲೆಕ್ಕ ಎಷ್ಟು ಚೆಂದವಾಗಿದೆ ನೋಡಿ. ಮೊದಲ ನಿಮಿಷದಿಂದ ಹತ್ತನೇ ನಿಮಿಷದವರೆಗೆ ಎಷ್ಟು ಕ್ಷೇತ್ರ ಸೋರುತ್ತದೋ, ಹತ್ತರಿಂದ ನೂರನೇ ನಿಮಿಷದವರೆಗೆ ಹೆಚ್ಚುಕಡಿಮೆ ಅಷ್ಟೇ ಸೋರುತ್ತದೆ. ನೂರರಿಂದ ಸಾವಿರಕ್ಕೂ ಅಷ್ಟೇ. ಕಾಲ ಹತ್ತು ಪಟ್ಟು ಉದ್ದವಾದರೂ ನಷ್ಟ ಅದೇ ಒಂದು ಚಿಟಿಕೆ! ಬಿಲ್ಲೆಯನ್ನು ಇನ್ನೂ ಕೆಲವು ಡಿಗ್ರಿ ತಣಿಸಿದರೆ ಆ ಚಿಟಿಕೆಯೂ ಬಹುತೇಕ ನಿಂತುಹೋಗುತ್ತದೆ.

ಈ ಕಥೆಯಲ್ಲಿ 1986 ಒಂದು ಹೊಸ ಬಾಗಿಲು. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಬಳಿ ಐಬಿಎಂ ಪ್ರಯೋಗಾಲಯದಲ್ಲಿ ಜಾರ್ಜ್ ಬೆಡ್ನೋರ್ಜ್ ಮತ್ತು ಅಲೆಕ್ಸ್ ಮ್ಯುಲರ್, ಯಾರೂ ನಿರೀಕ್ಷಿಸದ ಕಡೆ ಕೈಹಾಕಿದರು. ಲೋಹವನ್ನು ಬಿಟ್ಟು ಸೆರಾಮಿಕ್ ಅನ್ನು, ತಾಮ್ರದ ಆಕ್ಸೈಡನ್ನು ಹಿಡಿದರು. ಲ್ಯಾಂಥನಮ್, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಅವರ ವಸ್ತು ಅತಿವಾಹಕವಾಗುವ ಉಷ್ಣತೆ 30 ಕೆಲ್ವಿನ್ ದಾಟಿತು. ಮರುವರ್ಷದ ಆರಂಭದಲ್ಲೇ ಅಮೆರಿಕದಲ್ಲಿ ಪಾಲ್ ಚೂ ಮತ್ತು ಮೌ-ಕುಎನ್ ವೂ ಅವರ ಗುಂಪುಗಳು ಲ್ಯಾಂಥನಮ್ ಜಾಗದಲ್ಲಿ ಯಿಟ್ರಿಯಂ ಹಾಕಿ 93 ಕೆಲ್ವಿನ್ ಮುಟ್ಟಿದವು. ಅಂದರೆ ಸೊನ್ನೆಗಿಂತ 180 ಡಿಗ್ರಿ ಕೆಳಗೆ. ನಮಗದು ಊಹೆಗೂ ನಿಲುಕದ ಚಳಿ, ಭೌತವಿಜ್ಞಾನಿಗಳಿಗೆ ಮಾತ್ರ ಅದು ಸುಡುಬಿಸಿಲು! ದುಬಾರಿ ಹೀಲಿಯಂ ಬೇಡ, ಗಾಳಿಯಿಂದಲೇ ತೆಗೆಯುವ ಅಗ್ಗದ ದ್ರವ ಸಾರಜನಕ ಸಾಕು. 1987ರ ಮಾರ್ಚ್ 18ರ ಸಂಜೆ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಶುರುವಾದ ಭೌತವಿಜ್ಞಾನಿಗಳ ಸಭೆ ನಡುರಾತ್ರಿ ದಾಟಿ ಬೆಳಗಿನ ಜಾವದವರೆಗೂ ನಡೆಯಿತು. ಒಳಗೆ ಜಾಗ ಸಾಲದೆ ಜನ ಹೊರಗಿನ ಟಿವಿ ಪರದೆಗಳ ಮುಂದೆ ಕಿಕ್ಕಿರಿದು ನಿಂತಿದ್ದರು.

ಆ ಓಟದಲ್ಲಿ ಬೆಂಗಳೂರೂ ಇತ್ತು, ಹಿಂದಿನ ಸಾಲಿನಲ್ಲಿ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಲ್ಯಾಂಥನಮ್-ತಾಮ್ರದ ಆಕ್ಸೈಡನ್ನು ಈ ಗದ್ದಲ ಏಳುವ ಎಷ್ಟೋ ವರ್ಷ ಮೊದಲೇ ಅಭ್ಯಾಸ ಮಾಡಿದ್ದವರು. ಯಿಟ್ರಿಯಂ ಸೆರಾಮಿಕ್‌ನ ಸುದ್ದಿ ಬಂದಾಗ ಅದು ಹಲವು ವಸ್ತುಗಳು ಬೆರೆತ ಮಿಶ್ರಣವಾಗಿತ್ತು. ಅದರಲ್ಲಿ ಅತಿವಾಹಕವಾಗಿದ್ದದ್ದು ಯಾವುದು ಎಂದು ಗುರುತು ಹಿಡಿದವರಲ್ಲಿ ರಾವ್ ಅವರ ಗುಂಪೂ ಒಂದು. ಆ ಬರಹ 1987ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಿಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು: ಇಂದು ಈ ಬಿಲ್ಲೆ ಮಾಡುವವರೆಲ್ಲರ ಬಾಯಲ್ಲಿರುವ ‘ಒಂದು-ಎರಡು-ಮೂರು’ ಪಾಕದ ಮೊದಲ ಪತ್ತೆದಾರಿಕೆಯಲ್ಲಿ ನಮ್ಮೂರಿನ ಪಾಲಿದೆ ಎಂಬುದು ನನಗೆ ಅಪಾರ ಸಂತೋಷದ ಸಂಗತಿ.

ಪಾಕ ಗೊತ್ತಾದರೆ ಬಿಲ್ಲೆ ಸಿದ್ಧವಾಗುವುದಿಲ್ಲ. ಪುಡಿ ಒತ್ತಿ ಸುಟ್ಟರೆ ಸಾವಿರಾರು ಪುಟ್ಟ ಹರಳುಗಳು ಅಡ್ಡಾದಿಡ್ಡಿ ಅಂಟಿಕೊಂಡ ಗಟ್ಟಿ ಸಿಗುತ್ತದೆ. ಅಕ್ಕಪಕ್ಕದ ಹರಳುಗಳ ದಿಕ್ಕು ಕೆಲವೇ ಡಿಗ್ರಿ ಬೇರೆಯಾದರೂ ಗಡಿ ದಾಟುವ ವಿದ್ಯುತ್ತು ಸೊರಗಿಹೋಗುತ್ತದೆ. ಅದಕ್ಕೆ ಇಡೀ ಬಿಲ್ಲೆಯೇ ಒಂದೇ ಹರಳಾಗಿರಬೇಕು. ಮಾಡುವುದು ಹೀಗೆ: ಒತ್ತಿದ ಪುಡಿಯ ಬಿಲ್ಲೆಯ ನೆತ್ತಿಯ ಮೇಲೆ, ಇನ್ನೂ ಹೆಚ್ಚಿನ ಬಿಸಿಯಲ್ಲಿ ಕರಗುವ ಸೋದರ ವಸ್ತುವಿನ, ಅಂದರೆ ನಿಯೋಡಿಮಿಯಂ ಅಥವಾ ಸಮೇರಿಯಂ ಬೆರೆತ ಪಾಕದ, ಒಂದೆರಡು ಮಿಲಿಮೀಟರಿನ ಹರಳೊಂದನ್ನು ಬೀಜವಾಗಿ ಇಡುತ್ತಾರೆ. ಕುಲುಮೆಯನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸುತ್ತಾರೆ. ಕೆಳಗಿನ ಬಿಲ್ಲೆ ಅರೆ ಕರಗುತ್ತದೆ, ಬೀಜ ಕರಗದೆ ಉಳಿಯುತ್ತದೆ. ಆಮೇಲೆ ಗಂಟೆಗೆ ಒಂದು ಡಿಗ್ರಿಗೂ ಕಡಿಮೆ ವೇಗದಲ್ಲಿ ತಣಿಸುತ್ತ ಹೋಗಬೇಕು. ದಿನಗಟ್ಟಲೆ. ಬೀಜದ ಪರಮಾಣುಗಳ ಸಾಲು ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿನಲ್ಲಿ ಕೆಳಗಿನ ಕರಗಿದ ರಾಶಿಯೆಲ್ಲ ಪದರ ಪದರವಾಗಿ ಹೆಪ್ಪುಗಟ್ಟುತ್ತ ಬರುತ್ತದೆ. ಬೆಳವಣಿಗೆ ಮುಗಿದ ಬಿಲ್ಲೆಯ ಮೇಲ್ಮೈಯಲ್ಲಿ ಬೀಜದಿಂದ ಅಂಚಿನವರೆಗೆ ಹರಿದ ನಾಲ್ಕು ಗೆರೆಗಳ ಅಡ್ಡಗುರುತು ಎದ್ದು ಕಾಣುತ್ತದೆ. ಕುಲುಮೆ ತೆರೆದವರು ಮೊದಲು ನೋಡುವುದು ಅದನ್ನೇ. ನಾಲ್ಕೂ ಗೆರೆ ಅಂಚು ಮುಟ್ಟಿದ್ದರೆ ಇಡೀ ಮೈ ಒಂದೇ ಹರಳಾಗಿ ಬೆಳೆದಿದೆ ಎಂಬ ಭರವಸೆ.

ಇಷ್ಟಾದರೂ ಅದು ಇನ್ನೂ ಅತಿವಾಹಕವಲ್ಲ. ಆಮ್ಲಜನಕ ಸಾಲದು. ನಾನೂರು ಚಿಲ್ಲರೆ ಡಿಗ್ರಿ ಬಿಸಿಯಲ್ಲಿ, ಆಮ್ಲಜನಕ ಹರಿಯುವ ಕೊಳವೆಯಲ್ಲಿ ಮತ್ತೆ ದಿನಗಟ್ಟಲೆ ಇಡಬೇಕು. ಅನಿಲ ಮೆಲ್ಲಮೆಲ್ಲನೆ ಒಡಲಿಗೆ ಇಳಿಯುತ್ತದೆ. ಬೇಕಾದ ದೋಷಗಳನ್ನೂ ಇದೇ ಹಾದಿಯಲ್ಲಿ ಬಿತ್ತುತ್ತಾರೆ. ಪುಡಿಯಲ್ಲಿ ಇನ್ನೊಂದು ಸಂಯುಕ್ತವನ್ನು ಬೇಕೆಂದೇ ಹೆಚ್ಚಾಗಿ ಸೇರಿಸಿರುತ್ತಾರೆ. ಅದು ಅತಿವಾಹಕವಲ್ಲ, ಅದರ ಬಣ್ಣ ಹಸಿರು. ಕಡುಗಪ್ಪು ಬಿಲ್ಲೆಯ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಕಣಗಳು ಹುದುಗಿವೆ, ಸುಳಿಗಳು ಕಚ್ಚಿಕೊಂಡಿರುವುದು ಬಹುಪಾಲು ಅವುಗಳ ಅಂಚಿನಲ್ಲಿ! ಆ ಕಣಗಳು ದಪ್ಪವಾಗಿ ಬೆಳೆಯದಂತೆ ಚೂರು ಪ್ಲಾಟಿನಂ ಬೆರೆಸುವುದೂ ಉಂಟು. ಹ್ಯೂಸ್ಟನ್ ವಿಶ್ವವಿದ್ಯಾಲಯದ ರಾಯ್ ವೈನ್‌ಸ್ಟೈನ್ ಇನ್ನೂ ಮುಂದೆ ಹೋದರು. ಪಾಕಕ್ಕೆ ಯುರೇನಿಯಂ ಬೆರೆಸಿ ಬಿಲ್ಲೆಗೆ ನ್ಯೂಟ್ರಾನ್ ಹಾಯಿಸಿದರು. ಯುರೇನಿಯಂ ಪರಮಾಣುಗಳು ಒಳಗೇ ಸೀಳಿ, ಚೂರುಗಳು ಹರಳನ್ನು ಕೊರೆದುಕೊಂಡು ಹೋದ ಜಾಡುಗಳೇ ಸುಳಿಗಳಿಗೆ ಹಿಡಿಕೆಗಳಾದವು. ಬಾಂಬಿನೊಳಗೆ ನಡೆಯುವ ಅದೇ ಸೀಳಿಕೆ ಇಲ್ಲಿ ಕಾಂತಕ್ಷೇತ್ರವನ್ನು ಹಿಡಿಯುವ ಸೂಕ್ಷ್ಮ ಕುಸುರಿಯಾಯಿತು.

ಹೀಗೆ ಸುಳಿಗಳನ್ನು ಹಿಡಿಯುವ ವಿದ್ಯೆ ಕೈಗೆ ಬಂತು. ಆಗ ಎದುರಾದ ಕಷ್ಟವೇ ಬೇರೆ. ಬಿಲ್ಲೆಗಳು ಸೀಳಿಹೋಗತೊಡಗಿದವು.

ಕಾಂತಕ್ಷೇತ್ರಕ್ಕೆ ಒತ್ತಡವಿದೆ, ಅದು ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕ್ಷೇತ್ರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 17.6 ಟೆಸ್ಲಾದಲ್ಲಿ ಆ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 1,200 ಪಟ್ಟು. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳದಲ್ಲಿ, ಹನ್ನೊಂದು ಕಿಲೋಮೀಟರ್ ನೀರು ಮೇಲೆ ಹೇರಿಕೊಂಡಿರುವಲ್ಲಿ ಇರುವುದಕ್ಕಿಂತಲೂ ಇದು ಹೆಚ್ಚು! ಅಲ್ಲಿ ಒತ್ತಡ ಹೊರಗಿನಿಂದ ಒಳಕ್ಕೆ ಅಮುಕುತ್ತದೆ, ಇಲ್ಲಿ ಒಳಗಿನಿಂದ ಹೊರಕ್ಕೆ ಸಿಡಿಯಲು ನೋಡುತ್ತದೆ. ಅದನ್ನು ತಡೆದು ನಿಲ್ಲಬೇಕಾದದ್ದು ಒಂದು ಸೆರಾಮಿಕ್. ಅಮುಕಿದರೆ ತಾಳಿಕೊಳ್ಳುವ, ಎಳೆದರೆ ಫಕ್ಕನೆ ಒಡೆಯುವ ಜಾತಿ. 2001ರ ಹೊತ್ತಿಗೆ ಜರ್ಮನಿಯ ಡ್ರೆಸ್ಡೆನ್ ತಂಡ ಬಿಲ್ಲೆಗಳಿಗೆ ಉಕ್ಕಿನ ಕೊಳವೆ ತೊಡಿಸಿ 24 ಕೆಲ್ವಿನ್‌ನಲ್ಲಿ 16 ಟೆಸ್ಲಾವರೆಗೆ ಬಂದಿತ್ತು. ಅವರ ಬರಹದ ಶೀರ್ಷಿಕೆಯಲ್ಲೇ ಬಿರುಕಿನ ಮಾತಿತ್ತು.

2003ರಲ್ಲಿ ಜಪಾನಿನ ಮಸಾರು ತೊಮಿತಾ ಮತ್ತು ಮಸಾತೊ ಮುರಾಕಾಮಿ ಕೊಟ್ಟ ಪರಿಹಾರ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಚೆಲುವಾದ ಘಟ್ಟ. ಒಡೆಯುವುದಕ್ಕೆ ಎರಡು ಕಾರಣ ಎಂದು ಅವರು ನೋಡಿದರು. ಒಂದು, ಹರಳಿನೊಳಗಿನ ಸಣ್ಣ ತೂತು ಮತ್ತು ಬಿರುಕುಗಳು. ಎರಡು, ಬಿಸಿ. ಒಂದಷ್ಟು ಸುಳಿಗಳು ಜಾರಿದರೆ ಶಾಖ ಹುಟ್ಟುತ್ತದೆ, ಶಾಖಕ್ಕೆ ಇನ್ನಷ್ಟು ಸುಳಿಗಳು ಕಳಚುತ್ತವೆ, ಗುಡ್ಡೆ ಒಮ್ಮೆಗೇ ಕುಸಿಯುತ್ತದೆ. ಸೆರಾಮಿಕ್ ಶಾಖವನ್ನು ಬೇಗ ಸಾಗಿಸುವುದಿಲ್ಲ. ಅವರು ಮಾಡಿದ್ದೇನು? ಇಷ್ಟು ಕಷ್ಟಪಟ್ಟು ಬೆಳೆಸಿದ ಹರಳಿನ ನಟ್ಟನಡುವೆ, ಕ್ಷೇತ್ರದ ಶಿಖರವಿರುವ ಜಾಗದಲ್ಲೇ, ಒಂದು ಸಣ್ಣ ತೂತು ಕೊರೆದರು! ಅದರೊಳಗೆ ಅಲ್ಯೂಮಿನಿಯಂ ತಂತಿ ಇಳಿಸಿದರು. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಬೆರೆತ, ಕಡಿಮೆ ಬಿಸಿಗೇ ಕರಗುವ ಲೋಹವನ್ನು ಬಿಲ್ಲೆಯ ಬಿರುಕುಗಳೊಳಕ್ಕೆಲ್ಲ ಇಳಿಯುವಂತೆ ಹೊಯ್ದರು. ತಂತಿ ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸಿತು, ಲೋಹ ಬಿರುಕುಗಳನ್ನು ಬೆಸೆದು ಹಿಡಿಯಿತು. 26.5 ಮಿಲಿಮೀಟರಿನ ಎರಡು ಯಿಟ್ರಿಯಂ ಬಿಲ್ಲೆಗಳ ನಡುವೆ 29 ಕೆಲ್ವಿನ್‌ನಲ್ಲಿ 17.24 ಟೆಸ್ಲಾ ನಿಂತಿತು, ಬಿಲ್ಲೆ ಒಡೆಯಲಿಲ್ಲ.

ಆ ದಾಖಲೆ ಹತ್ತು ವರ್ಷಕ್ಕೂ ಮಿಕ್ಕಿ ಅಲುಗಲಿಲ್ಲ. ಕೇಂಬ್ರಿಜ್ ತಂಡ ಅದನ್ನು ದಾಟಿದ ಉಪಾಯ, ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವುದನ್ನು ನೋಡಿದ ಯಾರಿಗಾದರೂ ಥಟ್ಟನೆ ಅರ್ಥವಾಗುತ್ತದೆ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಮಾಡುತ್ತಾನೆ. ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿಯುತ್ತಾನೆ. ಪಟ್ಟಿ ಕುಗ್ಗುತ್ತದೆ, ಚಕ್ರದ ಕೀಲುಕೀಲೂ ಬಿಗಿದುಕೊಳ್ಳುತ್ತದೆ. ಕೇಂಬ್ರಿಜ್‌ನವರು ಬಿಲ್ಲೆಗಿಂತ ಕೂದಲೆಳೆಯಷ್ಟು ಕಿರಿದಾದ ಸ್ಟೇನ್‌ಲೆಸ್ ಸ್ಟೀಲ್ ಬಳೆಯನ್ನು ಕಾಯಿಸಿ ಹಿಗ್ಗಿಸಿ, ಒಳಗೆ ಬಿಲ್ಲೆಯನ್ನು ಕೂರಿಸಿ, ಆರಲು ಬಿಟ್ಟರು. ಸೊನ್ನೆಗಿಂತ ನೂರಾರು ಡಿಗ್ರಿ ಕೆಳಗಿಳಿದಂತೆ ಉಕ್ಕು ಸೆರಾಮಿಕ್‌ಗಿಂತ ಹೆಚ್ಚು ಕುಗ್ಗುತ್ತದೆ, ಹಿಡಿತ ಇನ್ನೂ ಬಿಗಿಯಾಗುತ್ತದೆ. ಒಳಗಿನ ಕ್ಷೇತ್ರ ಬಿಲ್ಲೆಯನ್ನು ಎಳೆದು ಸೀಳುವ ಮೊದಲು ಆ ಉಕ್ಕಿನ ಅಮುಕನ್ನು ಗೆಲ್ಲಬೇಕು. ಅವರ ಬಿಲ್ಲೆ ಯಿಟ್ರಿಯಂ ಬದಲು ಗ್ಯಾಡೊಲಿನಿಯಂ ಇದ್ದದ್ದು, ಬೆಳ್ಳಿಯನ್ನು ಬೆರೆಸಿ ಗಟ್ಟಿಮಾಡಿದ್ದು. ತೂತು ಕೊರೆಯಲಿಲ್ಲ, ಲೋಹ ಹೊಯ್ಯಲಿಲ್ಲ. ಟಲಹಾಸಿಯ ದೊಡ್ಡ ಕಾಂತದೊಳಗೆ ಬಿಲ್ಲೆಗಳನ್ನು ಇಟ್ಟು, ಅವು ಇನ್ನೂ ಸಾಮಾನ್ಯ ಸ್ಥಿತಿಯಲ್ಲಿರುವಾಗಲೇ ಕ್ಷೇತ್ರವನ್ನು ಅವುಗಳ ಒಡಲಿಗೆ ತುಂಬಿ, 26 ಕೆಲ್ವಿನ್‌ಗೆ ತಣಿಸಿ, ಹೊರಗಿನ ಕ್ಷೇತ್ರವನ್ನು ಮೆಲ್ಲನೆ ಇಳಿಸುತ್ತ ಸೊನ್ನೆಗೆ ತಂದರು. ಹೊರಗೆ ಸೊನ್ನೆ, ಒಳಗೆ 17.6!

ಆ ಮೇಲೆ 2018ರಲ್ಲಿ ಕೇಂಬ್ರಿಜ್‌ನ ಅನೂಪ್ ಪಟೇಲ್ ಮತ್ತು ಸಂಗಡಿಗರು ಬಿಲ್ಲೆಯನ್ನೇ ಕೈಬಿಟ್ಟರು. ಗಟ್ಟಿ ಲೋಹದ ಪಟ್ಟಿಯ ಮೇಲೆ ಅತಿವಾಹಕವನ್ನು ಅತಿ ತೆಳುವಾಗಿ ಲೇಪಿಸಿದ ಟೇಪಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, 8 ಕೆಲ್ವಿನ್‌ನಲ್ಲಿ 17.7 ಟೆಸ್ಲಾ ಹಿಡಿದರು. ಇಲ್ಲಿ ಬಲ ತಾಳಿಕೊಳ್ಳುವ ಹೊಣೆ ಲೋಹದ್ದು, ಕ್ಷೇತ್ರ ಹಿಡಿಯುವ ಹೊಣೆ ಲೇಪದ್ದು.

ಇವೆಲ್ಲ ಯಾತಕ್ಕೆ ಒದಗುತ್ತವೆ? ಜಪಾನಿನ ರಿಕೆನ್ ಸಂಸ್ಥೆಯಲ್ಲಿ ತಕಾಶಿ ನಕಾಮುರಾ ಅವರ ತಂಡ ಯುರೋಪಿಯಂ ಪಾಕದ ಉಂಗುರಗಳನ್ನು ಪೇರಿಸಿ, ನಡುವಿನ ರಂಧ್ರದಲ್ಲಿ 4.7 ಟೆಸ್ಲಾ ಹಿಡಿದಿಟ್ಟು, ಅಣುಗಳ ರಚನೆ ಓದುವ ಎನ್‌ಎಂಆರ್ ಯಂತ್ರವನ್ನು ಚಿಕ್ಕದಾಗಿಸಿತು. ಹಡಗಿನ ಮೋಟಾರುಗಳಿಗೆ, ಕೊಳೆನೀರಿನಿಂದ ಕಶ್ಮಲ ಬೇರ್ಪಡಿಸುವ ಯಂತ್ರಗಳಿಗೆ ಜಪಾನಿನಲ್ಲೇ ಪ್ರಯತ್ನಗಳಾಗಿವೆ. ಚೀನಾದ ಚೆಂಗ್ಡುವಿನಲ್ಲಿ 2000ದ ಕೊನೆಯ ದಿನ ಇಂಥ ಕಪ್ಪು ಬಿಲ್ಲೆಗಳನ್ನು ಅಡಿಯಲ್ಲಿ ಹೊತ್ತ ವಾಹನವೊಂದು ಜನರನ್ನು ಕೂರಿಸಿಕೊಂಡು ಅಯಸ್ಕಾಂತಗಳ ಹಳಿಯ ಮೇಲೆ ತೇಲಿತು. ತೇಲಿಕೆಯನ್ನು ಸರಿದೂಗಿಸುವ ಯಾವ ಕಂಪ್ಯೂಟರೂ ಅದಕ್ಕೆ ಬೇಕಾಗಲಿಲ್ಲ. ಕಚ್ಚಿಕೊಂಡ ಸುಳಿಗಳೇ ಅದನ್ನು ಪಕ್ಕಕ್ಕೆ ಜಾರದಂತೆ, ಮೇಲಕ್ಕೂ ಹಾರದಂತೆ ಹಿಡಿದಿದ್ದವು.

ಆದರೂ ಒಂದು ಗಂಟು ಉಳಿದಿತ್ತು. ಬಿಲ್ಲೆಗೆ ದೊಡ್ಡ ಕ್ಷೇತ್ರ ತುಂಬಲು ಅಷ್ಟೇ ದೊಡ್ಡ ಇನ್ನೊಂದು ಕಾಂತ ಬೇಕಲ್ಲ? ಕೋಣೆಯಷ್ಟು ದೊಡ್ಡ ಯಂತ್ರ ಇಲ್ಲದ ಕಾರ್ಖಾನೆಯೋ ಆಸ್ಪತ್ರೆಯೋ ಏನು ಮಾಡಬೇಕು? ಅದಕ್ಕೆ ಇರುವ ದಾರಿ ಸಣ್ಣ ತಾಮ್ರದ ಸುರುಳಿಯಲ್ಲಿ ಒಂದು ಕ್ಷಣ ಮಾತ್ರ ಭಾರಿ ವಿದ್ಯುತ್ತು ಹರಿಸಿ ಕ್ಷೇತ್ರವನ್ನು ಬಿಲ್ಲೆಯೊಳಕ್ಕೆ ನೂಕುವುದು. ಕ್ಷಣಾರ್ಧದಲ್ಲಿ ನುಗ್ಗುವ ಸುಳಿಗಳು ಬಿಲ್ಲೆಯನ್ನು ಕಾಯಿಸುತ್ತವೆ, ಕಾದ ಬಿಲ್ಲೆ ಹಿಡಿತ ಸಡಿಲಿಸುತ್ತದೆ. ಜಪಾನಿನ ಇವಾತೆ ವಿಶ್ವವಿದ್ಯಾಲಯದ ಹಿರೊಯುಕಿ ಫುಜಿಶಿರೊ ಮತ್ತು ಸಂಗಡಿಗರು ಒಂದರ ಹಿಂದೊಂದು ಹೊಡೆತ ಕೊಡುತ್ತ, ನಡುನಡುವೆ ಇನ್ನಷ್ಟು ತಣಿಸುತ್ತ, 45 ಮಿಲಿಮೀಟರಿನ ಬಿಲ್ಲೆಯಲ್ಲಿ 29 ಕೆಲ್ವಿನ್‌ಗೆ 5.2 ಟೆಸ್ಲಾ ತುಂಬಿದರು.

2017ರಲ್ಲಿ ಡ್ಯುರೆಲ್ ಅವರ ಕೇಂಬ್ರಿಜ್ ಗುಂಪಿನಿಂದಲೇ ಇನ್ನೊಂದು ಸುದ್ದಿ ಬಂತು. ಹೊಡೆತದ ಬಲವನ್ನು ಹದವಾಗಿ ಆಯ್ದುಕೊಂಡರೆ, ಬಿಲ್ಲೆಗಳನ್ನು ಹಾಳುಗೆಡವುತ್ತಿದ್ದ ಅದೇ ಸುಳಿಗಳ ಕುಸಿತ ಈ ಸಲ ಒಳಮುಖವಾಗಿ ಆಗುತ್ತದೆ, ಕ್ಷೇತ್ರವನ್ನು ಅಂಚಿನಿಂದ ನಡುವಿನವರೆಗೂ ಒಂದೇ ಏಟಿಗೆ ಎಳೆದು ತರುತ್ತದೆ! ಎಲ್ಲರೂ ಹೆದರಿ ದೂರವಿಡುತ್ತಿದ್ದ ಕುಸಿತವನ್ನು ಅವರು ಕೆಲಸಕ್ಕೆ ಹಚ್ಚಿದರು. ಒಂದು ಕಪ್ಪು ಬಿಲ್ಲೆ, ಅದನ್ನು ತಣಿಸುವ ಸಣ್ಣ ಯಂತ್ರ, ಒಂದು ತಾಮ್ರದ ಸುರುಳಿ, ಇಷ್ಟನ್ನೇ ಇಟ್ಟುಕೊಂಡು ಎಲ್ಲಿಗೆ ಬೇಕಾದರೂ ಸಾಗಿಸಬಹುದಾದ ವ್ಯವಸ್ಥೆಯಲ್ಲಿ 3 ಟೆಸ್ಲಾ ದಾಟಿದರು.